ಓಮ್ನಿಯ ಹ್ಯಾಂಡ್ ಬ್ರೇಕ್ ಶೂ: ಕಂಪನಿಯದೋ, ಅಗ್ಗದ್ದೋ, ಲೈನರ್ ಹಾಕಿಸಿದ್ದೋ?

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಸಮುದ್ರದ ಗಾಳಿ ನೇರವಾಗಿ ಅಂಗಳಕ್ಕೆ ಬರುತ್ತದೆ. ಹೆಂಡತಿಯ ತವರು ಶಿರಸಿಯ ಹತ್ತಿರ. ಅಲ್ಲಿ ರಸ್ತೆಯಿಂದ ಮನೆಯಂಗಳಕ್ಕೆ ಕಡಿದಾದ ಇಳಿಜಾರು, ಅದರ ಕೆಳಗೆ ಅಡಿಕೆ ತೋಟ. ನಮ್ಮ ಹಳೆಯ ಓಮ್ನಿ ಈ ಎರಡೂ ಕಡೆ ನಿಲ್ಲಬೇಕು. ಉಪ್ಪು ಗಾಳಿಗೂ ಇಳಿಜಾರಿಗೂ ತಡೆಯುವ ಬ್ರೇಕ್ ಶೂ ಯಾವುದೆಂದು ತಿಳಿಯುವಷ್ಟರಲ್ಲಿ ನಾನು ಮನೆಯಲ್ಲೇ ಮೂರು ಸಲ ಶೂ ಬದಲಿಸಿದ್ದೆ, ಮೂರು ಸಲವೂ ಬೇರೆ ಬಗೆಯವು.

ಬ್ರೇಕ್ ಶೂ ಎಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿ ಅದನ್ನು ನಿಲ್ಲಿಸುವ ಬಾಗಿದ ಲೋಹದ ತುಂಡು. ಅದರ ಮೇಲೆ ಕೂರಿಸಿದ, ಡ್ರಮ್ಮಿಗೆ ಉಜ್ಜುವ ಪದರವೇ ಲೈನರ್. ಓಮ್ನಿಯಲ್ಲಿ ಹ್ಯಾಂಡ್ ಬ್ರೇಕಿಗೆಂದು ಪ್ರತ್ಯೇಕ ಶೂ ಇಲ್ಲ. ಕಾಲಿನ ಬ್ರೇಕಿಗೆ ಕೆಲಸ ಮಾಡುವ ಹಿಂದಿನ ಡ್ರಮ್ಮಿನ ಶೂಗಳನ್ನೇ ಹ್ಯಾಂಡ್ ಬ್ರೇಕಿನ ಕೇಬಲ್ ಒಂದು ಲಿವರ್ ಮೂಲಕ ಅಗಲಿಸುತ್ತದೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಮಾತ್ರ ಡಿಸ್ಕಿನ ನಡುವಿನ ಟೊಪ್ಪಿಯೊಳಗೆ ಪುಟ್ಟ ಶೂಗಳು ಬೇರೆಯಾಗಿ ಇರುತ್ತವೆ. ಅವು ಓಡುವಾಗ ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದೂ ಕಡಿಮೆ. ಕರಾವಳಿಯಲ್ಲಿ ಅವುಗಳ ದೊಡ್ಡ ಶತ್ರು ತುಕ್ಕು. ಹಾಗಾಗಿ ತುಕ್ಕಿನ ಬಗ್ಗೆ ನಾನು ಮುಂದೆ ಹೇಳುವುದು ಅಂಥ ಗಾಡಿಯವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಹಾಕಿದ್ದು ಕಂಪನಿಯ ಶೂ. ಲೈನರನ್ನು ಲೋಹಕ್ಕೆ ಅಂಟಿನಿಂದ ಕೂರಿಸಿದ ಬಗೆ ಅದು. ಹಿಡಿತದಲ್ಲಿ ಅದನ್ನು ಮೀರಿಸಿದ್ದು ಇನ್ನೂ ಸಿಕ್ಕಿಲ್ಲ. ಶಿರಸಿಯ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕನ್ನು ನಾಲ್ಕು ಹಲ್ಲು (ನಾಲ್ಕು ಸಲ ‘ಕಟ್’ ಎನ್ನುವಷ್ಟು) ಎಳೆದರೆ ಸಾಕು, ಒಳಗೆ ಐದು ಜನ ಕುಳಿತಿದ್ದರೂ ಗಾಡಿ ಅಲುಗುತ್ತಿರಲಿಲ್ಲ. ರಿವೆಟ್ ಇಲ್ಲದ್ದರಿಂದ ಲೈನರಿನ ದಪ್ಪವೂ ಹೆಚ್ಚು ಕಾಲ ಬಳಕೆಗೆ ಒದಗುತ್ತದೆ. ತೊಂದರೆ ಬಂದದ್ದು ಮಳೆಗಾಲದಲ್ಲಿ. ಒಂದು ಆಷಾಢದಲ್ಲಿ ಹ್ಯಾಂಡ್ ಬ್ರೇಕ್ ಎಳೆದೇ ಗಾಡಿಯನ್ನು ಮೂರು ವಾರ ಅಂಗಳದಲ್ಲಿ ಬಿಟ್ಟಿದ್ದೆ. ಹೊರಡಿಸಿದಾಗ ಚಕ್ರ ತಿರುಗಲಿಲ್ಲ. ಹಿಂದೆ ಮುಂದೆ ಮಾಡಿದ ಮೇಲೆ ‘ಟಕ್’ ಎಂದು ಬಿಟ್ಟುಕೊಂಡಿತು, ಆದರೆ ಒಳಗೆ ಏನೋ ಗಲಗಲ ಸದ್ದು. ಡ್ರಮ್ ತೆಗೆದರೆ ಎಡಗಡೆಯ ಲೈನರ್ ಹಪ್ಪಳದಂತೆ ಇಡಿಯಾಗಿ ಎದ್ದು ಬಂದಿತ್ತು. ಅಂಟಿನ ಅಡಿಯಲ್ಲಿ ಲೋಹ ತುಕ್ಕು ಹಿಡಿದು ಉಬ್ಬಿ, ಲೈನರನ್ನು ಮೇಲಕ್ಕೆ ಎತ್ತಿತ್ತು.

ಪಕ್ಕದ ಮನೆಯ ಹಿರಿಯರು ಬಹಳ ವರ್ಷ ಲಾರಿ ಓಡಿಸಿದವರು. ಅವರು ಬಂದು ನೋಡಿ, “ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡ ಮಾರಾಯ. ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡು” ಎಂದರು. ಅಂದಿನಿಂದ ನಮ್ಮ ಸಮತಟ್ಟಾದ ಅಂಗಳದಲ್ಲಿ ಅದೇ ಪದ್ಧತಿ.

ಎರಡನೆಯ ಸಲ ಕೊಂಡದ್ದು ಅಂಗಡಿಯವನು ಕೈಗಿತ್ತ ಅಗ್ಗದ ಪೊಟ್ಟಣ. ಬೆಲೆ ಕಂಪನಿಯದರ ಅರ್ಧಕ್ಕಿಂತ ಕಡಿಮೆ. ಲಿವರನ್ನು ಹಳೆಯ ಶೂವಿನಿಂದ ಬಿಚ್ಚಿ ಹೊಸದಕ್ಕೆ ಕೂರಿಸುವಾಗಲೇ ಪಿನ್ನಿನ ತೂತು ಬಿಗಿಯಿತ್ತು. ಅರದಿಂದ ಸ್ವಲ್ಪ ಉಜ್ಜಿ ಸೇರಿಸಿದೆ. ಅದು ನನ್ನ ತಪ್ಪು, ಅಲ್ಲಿಯೇ ವಾಪಸು ಕೊಡಬೇಕಿತ್ತು. ಅಂಕೋಲಾ ತಲುಪುವಷ್ಟರಲ್ಲಿ ಹಿಂದಿನ ಚಕ್ರದಿಂದ ಸುಟ್ಟ ವಾಸನೆ. ಹ್ಯಾಂಡ್ ಬ್ರೇಕ್ ಬಿಟ್ಟರೂ ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ, ಶೂ ಡ್ರಮ್ಮಿಗೆ ತಾಗಿಕೊಂಡೇ ಓಡುತ್ತಿತ್ತು. ಲೈನರಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಗೆ ಹೊಳಪು ಬಂದ ಲೈನರಿಗೆ ಹಿಡಿತ ಇರುವುದಿಲ್ಲ. ದೇವಿಮನೆ ಘಟ್ಟ ಹತ್ತಿ ಇಳಿಯುವ ಗಾಡಿಗೆ ಇಂಥದ್ದನ್ನು ಹಾಕಲೇಬಾರದು. ಉಳಿದ ಹಣ ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಮೂರನೆಯದು ಹಳೆಯ ಶೂಗಳಿಗೆ ಹೊಸ ಲೈನರ್ ಹಾಕಿಸಿದ್ದು. ಕಂಪನಿ ಶೂಗಳ ಲೋಹವನ್ನು ಎಸೆದಿರಲಿಲ್ಲ. ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು, ಅಂಚುಗಳು ಬಾಗಿರಲಿಲ್ಲ, ಪಿನ್ನಿನ ತೂತು ಅಗಲವಾಗಿರಲಿಲ್ಲ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಲೈನರ್ ಹಾಕಿಸುವುದು ವ್ಯರ್ಥ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೆಳುವಾಗಿ ಒಂದು ಕೋಟ್ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಬಣ್ಣ) ಬಳಿದು, ಲಾರಿಗಳಿಗೆ ಲೈನರ್ ಹಾಕುವ ಅಂಗಡಿಗೆ ಒಯ್ದೆ. ಅಲ್ಲಿನ ಮುದುಕರು ರಿವೆಟ್ ಹೊಡೆಯುವುದನ್ನು ನಿಂತು ನೋಡಿದೆ. ಮೊದಲು ನಡುವಿನವು, ಆಮೇಲೆ ಎರಡೂ ತುದಿಗಳ ಕಡೆಗೆ. ತುದಿಯಿಂದ ಶುರು ಮಾಡಿದರೆ ಲೈನರ್ ನಡುವೆ ಉಬ್ಬಿ ನಿಲ್ಲುತ್ತದಂತೆ. ಮುಗಿದ ಮೇಲೆ ಶೂವನ್ನು ಬೆಳಕಿಗೆ ಹಿಡಿದು, ಲೋಹಕ್ಕೂ ಲೈನರಿಗೂ ನಡುವೆ ಒಂದು ಬೀಡಿ ಕಟ್ಟಿನ ಕಾಗದ ತೂರಿಸಲು ನೋಡಿದರು. ಅದು ಎಲ್ಲಿಯೂ ಒಳಗೆ ಹೋಗಲಿಲ್ಲ.

ಈ ಶೂಗಳಿಗೆ ಶಿರಸಿಯ ಇಳಿಜಾರಿನಲ್ಲಿ ಆರು ಹಲ್ಲು ಬೇಕು. ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ, ಮೊದಲ ಇನ್ನೂರು ಕಿಲೋಮೀಟರು, ಕಾಲಿನ ಬ್ರೇಕೂ ಸ್ವಲ್ಪ ಮೆತ್ತಗಿತ್ತು. ರಿವೆಟ್ಟಿನ ತಲೆಗೆ ಹತ್ತಿರ ಸವೆಯುತ್ತಲೇ ಬದಲಿಸಬೇಕು, ಇಲ್ಲದಿದ್ದರೆ ರಿವೆಟ್ ಡ್ರಮ್ಮಿನಲ್ಲಿ ಗೀರು ಕೊರೆಯುತ್ತದೆ. ಇಷ್ಟೆಲ್ಲ ಇದ್ದರೂ ಕಾರವಾರದಲ್ಲಿ ನನ್ನ ಆಯ್ಕೆ ಇದೇ. ತುಕ್ಕು ಅಡಿಗೆ ನುಗ್ಗಿದರೂ ರಿವೆಟ್ ಲೈನರನ್ನು ಇಡಿಯಾಗಿ ಎದ್ದು ಬರಲು ಬಿಡುವುದಿಲ್ಲ. ಗಾಡಿ ಶಿರಸಿಯಲ್ಲೇ ಇದ್ದು ದಿನವೂ ಓಡುವುದಾದರೆ ಕಣ್ಣು ಮುಚ್ಚಿ ಕಂಪನಿಯದನ್ನೇ ಹಾಕುತ್ತಿದ್ದೆ.

ಕೆಲಸದ ಬಗ್ಗೆ ಕೆಲವು ಮಾತು. ಓಮ್ನಿಯಲ್ಲಿ ಇಂಜಿನ್ನಿನ ಎಳೆತ ಹಿಂದಿನ ಚಕ್ರಗಳಿಗೆ. ಅವುಗಳಲ್ಲಿ ಒಂದನ್ನು ಎತ್ತಿದರೂ ಗೇರ್ ಗಾಡಿಯನ್ನು ಹಿಡಿಯುವುದಿಲ್ಲ. ಡ್ರಮ್ ಬರಲು ಹ್ಯಾಂಡ್ ಬ್ರೇಕನ್ನೂ ಬಿಟ್ಟಿರುತ್ತೇವೆ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ, ಮುಂದಿನ ಎರಡೂ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟೇ ಜಾಕ್ ಏರಿಸಬೇಕು. ಚಿರೆಕಲ್ಲು ಚಕ್ರಕ್ಕೆ ತಡೆಯಾಗಿ ಸರಿ, ಗಾಡಿಯ ಅಡಿಗೆ ಆಧಾರವಾಗಿ ಬೇಡವೇ ಬೇಡ. ಭಾರ ಬಿದ್ದರೆ ಅದು ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಕೈ ಹಾಕಬೇಡಿ.

ಒಂದು ಬದಿ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬಾರದು, ಸ್ಪ್ರಿಂಗ್ ಎಲ್ಲಿತ್ತೆಂಬುದಕ್ಕೆ ಅದೇ ಮಾದರಿ. ಧೂಳನ್ನು ಊದಬೇಡಿ, ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಡ್ರಮ್ ಬಿಚ್ಚಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯದಂತೆ ನೋಡಿಕೊಳ್ಳಿ, ಶೂಗಳನ್ನು ಅಗಲಿಸುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಜೋಡಿಸಿದ ಮೇಲೆ ಪೆಡಲನ್ನು ಹಲವು ಸಲ ತುಳಿದು ಶೂ ಡ್ರಮ್ಮಿಗೆ ಹತ್ತಿರ ಬರಲಿ, ಕೇಬಲ್ಲಿನ ನಟ್ ಬಿಗಿಯುವುದು ಕೊನೆಗೆ.

ಈ ವರ್ಷ ಚೌತಿಗೆ ಶಿರಸಿಗೆ ಹೋಗುವ ಮುನ್ನ ಡ್ರಮ್ ಬಿಚ್ಚಿ ನೋಡಿದೆ. ಜೂನ್‌ನಿಂದ ಗಾಡಿ ಓಡಿದ್ದು ಬಹಳ ಕಡಿಮೆ. ಡ್ರಮ್ಮಿನ ಅಂಚಿನಲ್ಲಿ ಕೆಂಪು ತುಕ್ಕಿನ ಒಂದು ತೆಳು ಬಳೆ ಇತ್ತು, ಶೂಗಳ ಮೇಲಿನ ಬಣ್ಣ ಹಾಗೆಯೇ ಇತ್ತು. ಕಾಗದ ತೂರಿಸಿ ನೋಡಿದೆ, ಒಳಗೆ ಹೋಗಲಿಲ್ಲ.