ಓಟಗಾರರ ರಕ್ತ ಪರೀಕ್ಷೆಗೆ ನಮ್ಮೂರಿನ ಒಂದು ಲ್ಯಾಬ್

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನನ್ನ ಬಳಿ ಅಭ್ಯಾಸ ಮಾಡುವ ನಾಲ್ವರು ಓಟಗಾರರನ್ನು ಈ ಬೇಸಿಗೆಯಲ್ಲಿ ಎರಡು ಸಲ ಊರಿನ ಒಂದು ಖಾಸಗಿ ಲ್ಯಾಬಿಗೆ ಕರೆದೊಯ್ದು, ಸ್ನಾಯುಗಳ ಸ್ಥಿತಿ ತಿಳಿಯಲು ಕ್ರಿಯಾಟಿನ್ ಕೈನೇಸ್ (ಸಿಕೆ, ಸ್ನಾಯುಗಳೊಳಗಿನ ಒಂದು ಕಿಣ್ವ) ಮತ್ತು ಲ್ಯಾಕ್ಟೇಟ್ (ಜೋರಾಗಿ ಓಡುವಾಗ ಸಕ್ಕರೆ ಒಡೆದು ಸ್ನಾಯುಗಳಲ್ಲಿ ಹುಟ್ಟುವ ವಸ್ತು) ಪರೀಕ್ಷೆಗಳನ್ನು ಮಾಡಿಸಿದೆ.

ಸಿಕೆ ಪರೀಕ್ಷೆಯ ಮಟ್ಟಿಗೆ ಈ ಲ್ಯಾಬನ್ನು ಧೈರ್ಯವಾಗಿ ನಂಬಬಹುದು. ರಕ್ತ ತೆಗೆಯುವ ಹೆಣ್ಣುಮಗಳು ಸೂಜಿ ಚುಚ್ಚುವ ಮೊದಲು, ಕೊನೆಯ ಕಠಿಣ ಅಭ್ಯಾಸ ಎಷ್ಟು ಹೊತ್ತಿಗೆ ಮುಗಿಯಿತೆಂದು ಪ್ರತಿಯೊಬ್ಬರನ್ನೂ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಫಲಿತಾಂಶದ ಅರ್ಥ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಸ್ನಾಯುವಿನ ಎಳೆಗಳಿಗೆ ಪೆಟ್ಟಾದಾಗ ಈ ಕಿಣ್ವ ನಿಧಾನವಾಗಿ ರಕ್ತಕ್ಕೆ ಸೋರುವುದರಿಂದ, ಅದರ ಮಟ್ಟ ಓಡಿದ ಕೂಡಲೇ ಏರದೆ, ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಾಗಿರುತ್ತದೆ. ಜಿಗಿತದ ಅಭ್ಯಾಸ ಮಾಡಿದ ಮರುದಿನ ಒಬ್ಬ ಹುಡುಗನ ಸಿಕೆ 640 ಬಂದಾಗ, ರಿಪೋರ್ಟಿನ ಕೆಂಪು ಗುರುತು ನೋಡಿ ಅವನ ತಾಯಿ ಹೃದಯದ ತೊಂದರೆಯೇ ಇರಬೇಕೆಂದು ಕಣ್ಣೀರು ಹಾಕಿದರು. ಲ್ಯಾಬಿನ ವೈದ್ಯರು ಅವರನ್ನು ಕೂರಿಸಿಕೊಂಡು, ಅಚ್ಚಾದ ಮಿತಿ ಸಾಮಾನ್ಯ ಜನರದ್ದು, ದಿನವೂ ಓಡುವವರಲ್ಲಿ ಅದು ಮೇಲಿರುವುದು ಸಹಜ ಎಂದು ತಾಳ್ಮೆಯಿಂದ ತಿಳಿಸಿದರು. ಐದು ದಿನ ವಿಶ್ರಾಂತಿಯ ನಂತರ ಅದು 210ಕ್ಕೆ ಇಳಿಯಿತು. (ನಮ್ಮ ಕಡೆಯ ಬಿಸಿಲಿನಲ್ಲಿ ಓಡಿದ ಮೇಲೆ ಸ್ನಾಯುಗಳು ತೀವ್ರವಾಗಿ ನೋಯುತ್ತಾ ಮೂತ್ರ ಕಡು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಲ್ಯಾಬಿನ ದಾರಿ ಹಿಡಿಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು, ಮೂತ್ರಪಿಂಡಕ್ಕೆ ಅಪಾಯವಿರುತ್ತದೆ.)

ಲ್ಯಾಕ್ಟೇಟ್‌ಗೆ ಮಾತ್ರ ಇಲ್ಲಿಗೆ ಬರಬೇಡಿ. ನಾನೂರು ಮೀಟರ್ ಓಡಿದ ಮೇಲೆ ಲ್ಯಾಕ್ಟೇಟ್ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ, ಸುಮಾರು ಒಂದು ಗಂಟೆಯೊಳಗೆ ಬಹುಪಾಲು ಇಳಿದುಬಿಡುತ್ತದೆ. ಆಟೊದಲ್ಲಿ ಕೂತು ಲ್ಯಾಬ್ ತಲುಪುವಷ್ಟರಲ್ಲಿ ಅಳೆಯಬೇಕಾದುದೇ ಕೈತಪ್ಪಿರುತ್ತದೆ. ಅದೂ ಅಲ್ಲದೆ, ಮೊದಲ ಸಲ ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನ ಬದಲು ಸಾದಾ ಟ್ಯೂಬಿಗೆ ಹಾಕಿ ಕೌಂಟರಿನ ಮೇಲೆ ಇಟ್ಟಿದ್ದರು. ಹಾಗಿಟ್ಟರೆ ಕೆಂಪು ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆಯನ್ನು ಒಡೆಯುತ್ತಲೇ ಇದ್ದು ಲ್ಯಾಕ್ಟೇಟ್ ಸುಳ್ಳಾಗಿ ಏರುತ್ತದೆ. ತಿಳಿಸಿದಾಗ ವಾದಿಸದೆ ಒಪ್ಪಿಕೊಂಡು, ಎರಡನೆಯ ಸಲ ಸರಿಯಾದ ಟ್ಯೂಬನ್ನೇ ಬಳಸಿದರು. ಆದರೂ ಬೆರಳ ತುದಿಯ ಒಂದು ಹನಿ ರಕ್ತದಿಂದ ಓಟದ ಪಥದ ಪಕ್ಕದಲ್ಲೇ ಅಳೆಯುವ ಚಿಕ್ಕ ಮೀಟರೇ ಈ ಕೆಲಸಕ್ಕೆ ತಕ್ಕದ್ದು.

ಇನ್ನೊಂದು ಕೊರತೆಯನ್ನು ಅವರು ಸುಲಭವಾಗಿ ನೀಗಬಹುದು. ಅಷ್ಟು ಕಾಳಜಿಯಿಂದ ಕೇಳಿ ಬರೆದುಕೊಂಡ ಅಭ್ಯಾಸದ ಹೊತ್ತು ಅಚ್ಚಾದ ರಿಪೋರ್ಟಿನಲ್ಲಿ ಎಲ್ಲಿಯೂ ಇರುವುದಿಲ್ಲ. ಸದ್ಯಕ್ಕೆ ನಾನೇ ಪ್ರತಿ ಹಾಳೆಯ ಮೇಲೆ ಪೆನ್ನಿನಿಂದ ಬರೆದಿಡುತ್ತಿದ್ದೇನೆ.