ಹೈಬ್ರಿಡ್ ಪಿಕಪ್ ಅಂತ ಬಾಡಿಗೆಗೆ ಕೊಡ್ತಾರೆ, ಆರ್‌ಸಿ ನೋಡದೆ ಒಂದು ರೂಪಾಯಿನೂ ಕೊಡಬೇಡಿ

ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚನೆ ಮಾಡಿದೆ. ನಾಚಿಕೆ ಆಗುತ್ತಿದೆ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ತೋಟಕ್ಕೆ ಅಂತ ಜೀಪೂ ಇದೆ, ಆದರೂ ಮೋಸ ಹೋದೆ. ಚಳಿಗಾಲ ಬಂತು ಅಂದರೆ ಕೊಡಗಿನಲ್ಲಿ ಬಾಡಿಗೆ ಗಾಡಿ ಕೇಳುವವರು ಜಾಸ್ತಿ. ಇನ್ನೊಬ್ಬರು ಸಿಕ್ಕಿಹಾಕಿಕೊಳ್ಳಬಾರದು, ಅಷ್ಟೇ.

ನಮ್ಮದು ಗೋಣಿಕೊಪ್ಪದ ಹತ್ತಿರ ಸಣ್ಣ ತೋಟ. ಹುತ್ತರಿ ಹಬ್ಬ ಮುಗಿದಿತ್ತು, ರೊಬಸ್ಟಾ ಕಾಫಿ ಕೊಯ್ಲು ಶುರುವಾಗಲು ಇನ್ನೂ ಮೂರು ವಾರ ಇತ್ತು. ಆ ನಡುವೆ ಒಂದು ವಾರ ಹೋಗಿ ಬರೋಣ ಅಂತ ಮಾತಾಯಿತು. ಕುಟ್ಟದ ಮೇಲೆ ವಯನಾಡು, ಗುಡಲೂರು, ಊಟಿ, ಆಮೇಲೆ ಮುನ್ನಾರ್, ಕೊಡೈಕನಾಲ್, ವಾಪಸ್ ದಿಂಬಂ ಘಾಟಿ ಹತ್ತಿ ಮೈಸೂರು. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ಟೆಂಟು, ಕಂಬಳಿ, ಅಡುಗೆ ಸಾಮಾನು. ಅದಕ್ಕೇ ಪಿಕಪ್ ಬೇಕಿತ್ತು.

ಪರಿಚಯದವರೊಬ್ಬರು ಕುಶಾಲನಗರದ ಒಬ್ಬನ ನಂಬರ್ ಕೊಟ್ಟರು. ಫೋನಿನಲ್ಲಿ ಅವನು ಹೇಳಿದ ಮಾತು ಹಾಗೆಯೇ ಬರೆಯುತ್ತೇನೆ. "ಹೈಬ್ರಿಡ್ ಪಿಕಪ್ ಉಂಟು ಸಾರ್, ಡೀಸೆಲ್ ಹೈಬ್ರಿಡ್. ಲೀಟರಿಗೆ 22 ಕೊಡ್ತದೆ. ಘಾಟಿ ಇಳೀವಾಗ ಅದರಷ್ಟಕ್ಕೇ ಚಾರ್ಜ್ ಆಗ್ತದೆ. ಹಿಂದೆ ಪ್ಲಗ್ ಪಾಯಿಂಟ್ ಉಂಟು, ಬೆಳಿಗ್ಗೆ ಕೆಟಲ್ ಹಾಕಿ ಟೀ ಮಾಡ್ಕೊಳ್ಳಿ." ಹೈಬ್ರಿಡ್ ಅಂದರೆ ಇಂಜಿನ್ ಜೊತೆಗೆ ಬ್ಯಾಟರಿ, ಮೋಟರಿನ ಬಲವೂ ಇರುವ ಗಾಡಿ. ಮಾಮೂಲಿ ಡೀಸೆಲ್ ಪಿಕಪ್ ದಿನಕ್ಕೆ 4,500 ರೂಪಾಯಿ, ಇದಕ್ಕೆ 6,000. ಡೆಪಾಸಿಟ್ 15,000. ಒಂದು ವಿಡಿಯೋನೂ ಕಳಿಸಿದ. ಅಮೆರಿಕದ ಫೋರ್ಡ್ ಎಫ್-150 ಹೈಬ್ರಿಡ್‌ನ ವಿಡಿಯೋ. ಅದರ ಹಿಂದಿನ ತೊಟ್ಟಿಯ ಪ್ಲಗ್‌ನಿಂದ 7.2 ಕಿಲೋವ್ಯಾಟ್ ತನಕ ಕರೆಂಟ್ ಸಿಗುತ್ತದೆ, ಅದು ನಿಜ. ಆದರೆ ಅದು ಪೆಟ್ರೋಲ್ ಗಾಡಿ, ನಮ್ಮಲ್ಲಿ ಮಾರುವುದೂ ಇಲ್ಲ. ಆಗ ನಮ್ಮಲ್ಲಿ ಸಿಗುತ್ತಿದ್ದ ದೊಡ್ಡ ಪಿಕಪ್‌ಗಳು, ಇಸುಜು ವಿ-ಕ್ರಾಸ್ ಆಗಲಿ ಟೊಯೋಟಾ ಹೈಲಕ್ಸ್ ಆಗಲಿ, ಬರೀ ಡೀಸೆಲ್. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆವತ್ತು ವಿಡಿಯೋ ನೋಡಿ ಮಕ್ಕಳು ಕುಣಿದರು, ನಾನು ಅಡ್ವಾನ್ಸ್ ಹಾಕಿಬಿಟ್ಟೆ.

ಗಾಡಿ ಬಂತು. ಹಿಂದೆ ಹಸಿರು ಅಕ್ಷರದಲ್ಲಿ ಹೈಬ್ರಿಡ್ ಅಂತ ಬರೆದಿತ್ತು. ನಂಬರ್ ಪ್ಲೇಟ್ ಬಿಳಿ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು ಅಂತ ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನಾದೆ, ಎಲ್ಲರೂ ಹೀಗೇ ಕೊಡ್ತಾರಲ್ಲ ಅಂತ. ಪ್ಲಗ್ ಎಲ್ಲಿ ಅಂತ ಕೇಳಿದ್ದಕ್ಕೆ "ಸಾಮಾನಿನ ಅಡಿಗೆ ಉಂಟು ಸಾರ್, ಇಳಿಸಿದಾಗ ಕಾಣ್ತದೆ" ಅಂದ. ಗಾಡಿ ಕೊಡಲು ಬಂದ ಹುಡುಗನೇ ನಮ್ಮ ಟೆಂಟು, ಚೀಲ ಎಲ್ಲ ತುಂಬಿಸಿ ಟಾರ್ಪಲ್ ಕಟ್ಟಿಕೊಟ್ಟಿದ್ದ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡಿದ್ದೆ.

ಗೋಣಿಕೊಪ್ಪದಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಹೊರಟೆವು. ಊಟಿಯಲ್ಲಿ ಮತ್ತೆ ಫುಲ್ ಮಾಡಿಸಿದಾಗ ಓಡಿದ್ದು 212 ಕಿಲೋಮೀಟರ್, ಹಿಡಿದದ್ದು 21 ಲೀಟರ್. ಅಂದರೆ ಲೀಟರಿಗೆ ಹತ್ತು! ಫೋನ್ ಮಾಡಿದೆ. "ಚಳಿ ಅಲ್ವಾ ಸಾರ್, ಚಳಿಗೆ ಹೈಬ್ರಿಡ್ ಬ್ಯಾಟರಿ ಮಲಗ್ತದೆ. ನಾಳೆ ಬಿಸಿಲು ಬಂದ್ರೆ ಸರಿ ಆಗ್ತದೆ." ನಾನು ನಂಬಿದೆ! ಯಾಕೆಂದರೆ ಇದರಲ್ಲಿ ಸ್ವಲ್ಪ ನಿಜ ಇದೆ. ಚಳಿಯಲ್ಲಿ ನಿಜವಾದ ಹೈಬ್ರಿಡ್‌ನ ಬ್ಯಾಟರಿ ಕಡಿಮೆ ಚಾರ್ಜ್ ಹಿಡಿಯುತ್ತದೆ, ಹೀಟರ್ ಹಾಕಿದರೆ ಇಂಜಿನ್ ಜಾಸ್ತಿ ಹೊತ್ತು ಓಡುತ್ತದೆ, ಮೈಲೇಜ್ ಇಳಿಯುತ್ತದೆ. ಆದರೆ ಊಟಿ ಚಳಿಗೆ 22 ಇದ್ದದ್ದು 10 ಆಗುತ್ತದಾ? ಅದನ್ನು ಯೋಚಿಸಲಿಲ್ಲ.

ಮಾರನೇ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಬೆಳ್ಳಗಿತ್ತು. ಟೆಂಟಿನಲ್ಲಿ ಅವ್ವನಿಗೆ ಕೈ ಸೆಟೆದುಕೊಂಡಿತ್ತು, ಮಾತ್ರೆಗೆ ಬಿಸಿ ನೀರು ಬೇಕು ಅಂದರು. ಗ್ಯಾಸ್ ಸ್ಟವ್ ಮನೆಯಲ್ಲೇ ಬಿಟ್ಟು ಬಂದಿದ್ದೆವು, ಗಾಡಿಯಲ್ಲಿ ಪ್ಲಗ್ ಇದೆ ಅಂತ. ಕೆಟಲ್ ಹಿಡಿದು ತೊಟ್ಟಿಯಲ್ಲಿದ್ದ ಪ್ರತಿಯೊಂದು ಸಾಮಾನು ಇಳಿಸಿದೆ. ಪ್ಲಗ್ ಇಲ್ಲ. ಮ್ಯಾಟ್ ಎತ್ತಿದೆ, ಬದಿಗೆ ಕೈ ಹಾಕಿದೆ, ಟಾರ್ಚ್ ಬಿಟ್ಟು ನೋಡಿದೆ. ಇಲ್ಲ. ಒಳಗೆ ಡ್ಯಾಶ್‌ಬೋರ್ಡಿನಲ್ಲಿ ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟಿನ ಸಾಕೆಟ್ ಒಂದೇ. ಮಗಳು "ಅಪ್ಪ, ಪ್ಲಗ್ ಇಲ್ವಾ?" ಅಂತ ಕೇಳಿದಳು. ಅವ್ವ ಕಂಬಳಿ ಹೊದ್ದು ನನ್ನನ್ನೇ ನೋಡುತ್ತಾ ಕೂತಿದ್ದರು. ಆ ಹೊತ್ತಿಗೆ ಗೊತ್ತಾಯಿತು. ಎಲ್ಲವೂ ಸುಳ್ಳು. ಪ್ಲಗ್ ಸುಳ್ಳು, ಮೈಲೇಜ್ ಸುಳ್ಳು, ಹೈಬ್ರಿಡ್ ಅನ್ನೋದೇ ಸುಳ್ಳು. ಅರ್ಧ ಕಿಲೋಮೀಟರ್ ನಡೆದು ಒಂದು ಟೀ ಅಂಗಡಿಯಿಂದ ಫ್ಲಾಸ್ಕಿನಲ್ಲಿ ನೀರು ತಂದೆ.

ಫೋನ್ ಮಾಡಿದರೆ "ಪ್ಲಗ್ ಟಾಪ್ ಮಾಡೆಲ್‌ಗೆ ಸಾರ್" ಅಂದ. ಇದು ಯಾವ ಮಾಡೆಲ್ ಅಂದರೆ ಫೋನ್ ಕಟ್. ಆಮೇಲೆ ಸಂಜೆವರೆಗೂ ಎತ್ತಲಿಲ್ಲ.

ಅರ್ಧ ದಾರಿಯಿಂದ ವಾಪಸ್ ಬರಲು ಮನಸ್ಸಾಗಲಿಲ್ಲ, ಮುಗಿಸಿದೆವು. ಒಟ್ಟು 1,240 ಕಿಲೋಮೀಟರಿಗೆ 118 ಲೀಟರ್ ಡೀಸೆಲ್. ಅವನು ಹೇಳಿದ ಲೆಕ್ಕದಲ್ಲಿ 57 ಲೀಟರ್ ಸಾಕಿತ್ತು.

ವಾಪಸ್ ಬರುವಾಗ ಆನೆಚೌಕೂರು ದಾಟಿ ಗೋಣಿಕೊಪ್ಪದಲ್ಲಿ ಭಾವನ ಗ್ಯಾರೇಜಿಗೆ ಬಿಟ್ಟೆ. ಬಾನೆಟ್ ತೆಗೆದು ಎರಡು ನಿಮಿಷ ನೋಡಿದರು. "ಎಂತ ಹೈಬ್ರಿಡ್ ಮಾರಾಯ? ಹೈವೋಲ್ಟೇಜ್ ಹೈಬ್ರಿಡ್ ಆದ್ರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಇರಬೇಕು. ಎಲ್ಲುಂಟು? ಬರೀ ಮಾಮೂಲಿ ಆಲ್ಟರ್ನೇಟರ್, ಒಂದು 12 ವೋಲ್ಟ್ ಬ್ಯಾಟರಿ." ಹಿಂದಿನ ಅಕ್ಷರವನ್ನು ಉಗುರಿನಿಂದ ಎಬ್ಬಿಸಿದರು, ಸ್ಟಿಕ್ಕರ್.

ಇನ್ನೂ ಇದೆ. ಗಾಡಿ ಒಪ್ಪಿಸಲು ಕುಶಾಲನಗರಕ್ಕೆ ಹೋದರೆ ಡೆಪಾಸಿಟ್‌ನಲ್ಲಿ 6,000 ಹಿಡಿದುಕೊಂಡ. ಯಾಕೆ? "ಹೈಬ್ರಿಡ್ ಬ್ಯಾಟರಿ ಡೌನ್ ಮಾಡಿದ್ದೀರಿ." ಇಲ್ಲದ ಬ್ಯಾಟರಿಗೆ ನಾನು ದುಡ್ಡು ಕಟ್ಟಬೇಕು! ಬಾನೆಟ್ ತೆಗೆದು ತೋರಿಸು ಅಂದೆ. "ಅದು ಸೀಲ್ ಸಾರ್, ಕಂಪನಿಯವರು ಮಾತ್ರ ತೆಗೀಬೇಕು." ಪೊಲೀಸರ ಹತ್ತಿರ ಹೋಗ್ತೇನೆ ಅಂದೆ. ನಗಾಡಿಕೊಂಡು ಹೇಳಿದ, "ಹೋಗಿ ಸಾರ್, ಬಿಳಿ ಬೋರ್ಡ್ ಗಾಡಿ, ನೀವು ನನ್ನ ಫ್ರೆಂಡ್ ಅಂತ ತಗೊಂಡು ಹೋದದ್ದು." ಬಿಲ್ ಇಲ್ಲ, ಅಗ್ರಿಮೆಂಟ್ ಇಲ್ಲ. 22 ಅಂತ ಹೇಳಿದ್ದೂ ಬಾಯಿಮಾತಿನಲ್ಲೇ. ನನ್ನ ಹತ್ತಿರ ಇರುವುದು ದುಡ್ಡು ಹಾಕಿದ ದಾಖಲೆ, ಆ ವಿಡಿಯೋ, ಸ್ಟಿಕ್ಕರಿನ ಫೋಟೋ.

ಗಾಡಿ ತೆಗೆದುಕೊಳ್ಳುವ ಮೊದಲು ನಂಬರನ್ನು ಸರ್ಕಾರದ ಎಂ-ಪರಿವಹನ್ ಆ್ಯಪ್‌ಗೆ ಹಾಕಿ, ಆರ್‌ಸಿ ವಿವರದಲ್ಲಿ ಇಂಧನ ಅನ್ನೋ ಜಾಗ ನೋಡಿ. ಹೈಬ್ರಿಡ್ ಆಗಿದ್ದರೆ ಅಲ್ಲೇ ಬರೆದಿರುತ್ತದೆ. ಇದರದ್ದು ಬರೀ ಡೀಸೆಲ್. ಊಟಿ, ಕೊಡೈಕನಾಲ್ ಇ-ಪಾಸ್‌ಗೆ ಇದೇ ನಂಬರ್ ನಾನೇ ಟೈಪ್ ಮಾಡಿದ್ದೆ, ಆವಾಗಲೇ ನೋಡಬಹುದಿತ್ತು. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಬೇಡವೇ ಬೇಡ. ಘಾಟಿಯಲ್ಲಿ ಏನಾದರೂ ಆಗಿದ್ದರೆ ಬಾಡಿಗೆ ಗಾಡಿ ಅಂತ ಗೊತ್ತಾದ ಕೂಡಲೇ ಇನ್ಶೂರೆನ್ಸಿನವರು ಕೈ ಎತ್ತಬಹುದಿತ್ತು, ಅವ್ವ, ಮಕ್ಕಳು ಎಲ್ಲ ಅದರಲ್ಲೇ ಇದ್ದರು. ಸಾಮಾನು ಬಾಡಿಗೆಗೆ ಕೊಡುವವರ ಕೈಯಲ್ಲಿ ತುಂಬಿಸಬೇಡಿ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಮಡಿಕೇರಿಯ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ನಿನ್ನೆ ಅವನಿಂದ ಮೆಸೇಜ್ ಬಂತು, "ಸಾರ್ ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ಡಿಸ್ಕೌಂಟ್ ಕೊಡ್ತೇನೆ." ಅದೇ ದಿನ ಭಾವ ಆ ಗಾಡಿಯನ್ನು ತಿತಿಮತಿ ಹತ್ತಿರ ನೋಡಿದರಂತೆ. ಹಿಂದೆ ಟಾರ್ಪಲ್ ಕಟ್ಟಿತ್ತು, ಒಳಗೆ ಮಕ್ಕಳಿದ್ದರು. ಸ್ಟಿಕ್ಕರ್ ಹೊಸದಾಗಿ ಅಂಟಿಸಿದ್ದಾರೆ.