ಪ್ರೆಷರ್ ಗೇಜ್ ತೋರಿಸಿ ‘ರೇಷಿಯೋ ಸರಿ ಇದೆ’ ಎನ್ನುವವರಿಗೆ ಹಳೆಯ ಬುಲೆಟ್ ಎಂಜಿನ್ ಕೊಡಬೇಡಿ

ಹಳೆಯ ಕ್ಯಾಸ್ಟ್ ಐರನ್ ಬುಲೆಟ್‌ನ ಎಂಜಿನ್ ಬಿಚ್ಚಿಸಲು ಹೊರಟಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಮುಂಗಡ ಕೊಡಿ. ಮೈಸೂರಿನ ಒಂದು ವರ್ಕ್‌ಶಾಪಿಗೆ 28,000 ರೂಪಾಯಿ ಕೊಟ್ಟು, ನನ್ನ ತಂದೆಯವರು ಜೀವಮಾನವಿಡೀ ಓಡಿಸಿದ 350 ಸಿಸಿ ಎಂಜಿನ್ನನ್ನು ನಾನು ಹಾಳುಮಾಡಿಸಿಕೊಂಡು ಬಂದಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು ಹೀಗೆ ಮೋಸಹೋದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಗಾಡಿ ಬಿಡಿಸಿಕೊಳ್ಳಲು ಹೋದ ದಿನ ಅದೇ ಶೆಡ್ಡಿನಲ್ಲಿ ಇನ್ನೂ ಎರಡು ಬುಲೆಟ್‌ಗಳು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚಿಸಿಕೊಂಡು ನಿಂತಿದ್ದವು.

ಆ ವರ್ಕ್‌ಶಾಪಿನ ಮೆಕ್ಯಾನಿಕ್‌ನ ಹೆಸರು ಊರಲ್ಲೆಲ್ಲ ಇರುವುದು ಜಾವಾ, ಯೆಜ್ಡಿ ಕೆಲಸಕ್ಕೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳನ್ನು ಬಲ್ಲ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವು ಟೂ ಸ್ಟ್ರೋಕ್ ಎಂಜಿನ್‌ಗಳು. ಗಾಳಿ, ಹೊಗೆಗೆ ದಾರಿ ತೆರೆದು ಮುಚ್ಚುವ ವಾಲ್ವ್ ಅವುಗಳಲ್ಲಿ ಇಲ್ಲ, ಅದನ್ನು ಒತ್ತುವ ಟ್ಯಾಪೆಟ್ ಇಲ್ಲ, ಪುಶ್‌ರಾಡ್ ಇಲ್ಲ; ಬುಲೆಟ್‌ನಲ್ಲಿ ಇವೆಲ್ಲ ಇವೆ. ಈ ಒಂದು ಮಾತು ಮುಂಗಡ ಎಣಿಸಿ ಕೊಡುವಾಗ ನನ್ನ ತಲೆಗೆ ಹೊಳೆಯಲಿಲ್ಲ.

ನಾನು ಕೇಳಿದ್ದು ಇಷ್ಟೇ: ಬೋರ್ (ಸಿಲಿಂಡರಿನ ಒಳವ್ಯಾಸ) 71 ಮಿಲಿಮೀಟರಿಗೆ ಹೋಗಲಿ, ಹೊಸ ಪಿಸ್ಟನ್ ಬರಲಿ, ವಾಲ್ವ್ ಕೂರುವ ಅಂಚನ್ನು ಸಮಮಾಡುವ ಸೀಟ್ ಕಟಿಂಗ್ ಆಗಲಿ, ಕಂಪ್ರೆಷನ್ ರೇಷಿಯೋ (ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬ ಲೆಕ್ಕ) ಮಾತ್ರ ಕಂಪನಿಯ 6.5ರ ಆಸುಪಾಸಿನಲ್ಲೇ ಉಳಿಯಲಿ. ಮೂಲ ಬೋರ್ 70 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90. ಅಂದರೆ ಪಿಸ್ಟನ್ ಗುಡಿಸುವ ಜಾಗ 346 ಸಿಸಿ. ರೇಷಿಯೋ 6.5 ಇರಬೇಕಾದರೆ ಪಿಸ್ಟನ್ ಮೇಲ್ತುದಿಗೆ ಬಂದಾಗ ತಲೆಯ ಮೇಲೆ ಸುಮಾರು 63 ಸಿಸಿ ಜಾಗ ಉಳಿದಿರಬೇಕು. ಈ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಟ್ಟು, ಜೋಡಿಸುವ ಮೊದಲು ಎಣ್ಣೆ ತುಂಬಿ ಅಳೆಯಿರಿ ಎಂದು ಎರಡು ಸಲ ಹೇಳಿ ಬಂದಿದ್ದೆ. ಎರಡು ಸಲ ಹೇಳಿದ್ದೆ.

ಮೂರು ವಾರದ ನಂತರ ಹೋದಾಗ ಎಂಜಿನ್ ಜೋಡಣೆ ಮುಗಿದಿತ್ತು. ಅಳತೆ ಎಷ್ಟು ಬಂತು ಎಂದು ಕೇಳಿದೆ. ಆತ ಪ್ಲಗ್ ತೆಗೆದು, ಅಲ್ಲಿಗೆ ಪ್ರೆಷರ್ ಗೇಜ್ ಸಿಕ್ಕಿಸಿ, ಶೆಡ್ಡಿನ ಕೆಲಸದ ಹುಡುಗನಿಂದ ನಾಲ್ಕು ಕಿಕ್ ಹೊಡೆಸಿದ. ಮುಳ್ಳು ಮೇಲೇರಿ ನಿಂತಿತು. “ನೋಡಿ ಸಾರ್, ರೇಷಿಯೋ ಪಕ್ಕಾ. ಇದಕ್ಕಿಂತ ಏನು ಅಳೀಬೇಕು?” ಎಂದ. ನಾನು ತಲೆಯಾಡಿಸಿದೆ. ನನ್ನ ಮಗನ ಎದುರಿಗೇ ತಲೆಯಾಡಿಸಿದೆ! ಗೇಜ್ ತೋರಿಸುವುದು ಒತ್ತಡವನ್ನು. ಕಿಕ್ಕಿನ ವೇಗ, ಥ್ರಾಟಲ್ ಎಷ್ಟು ತೆರೆದಿದೆ, ವಾಲ್ವ್ ಯಾವಾಗ ಮುಚ್ಚುತ್ತದೆ, ರಿಂಗ್ ಎಷ್ಟು ಹಿಡಿದಿದೆ ಎಂಬುದೆಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ. ರೇಷಿಯೋ ಎನ್ನುವುದು ಎರಡು ಜಾಗಗಳ ಲೆಕ್ಕ. ಇದು ನನಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಆ ಮುಳ್ಳನ್ನು ನೋಡಿ ಸಂತೋಷಪಟ್ಟು, ಆ ಕೆಲಸದ ಹುಡುಗನ ಕೈಗೆ ಇನ್ನೂರು ರೂಪಾಯಿ ಇಟ್ಟು ಬಂದೆ.

ಮಂಡ್ಯದ ಮನೆಗೆ ಬರುವ ದಾರಿಯಲ್ಲಿ, ಶ್ರೀರಂಗಪಟ್ಟಣಕ್ಕಿಂತ ಮೊದಲೇ ಎಂಜಿನ್ ನಾಕ್ ಹೊಡೆಯಲು, ಅಂದರೆ ಒಳಗೆ ಟಕಟಕ ಬಡಿಯಲು ಶುರುವಾಯಿತು. ಬಾಬುರಾಯನಕೊಪ್ಪಲು ದಾಟಿದ ಮೇಲೆ ಸೆಳೆತ ಕಡಿಮೆಯಾಗಿ, ಸೈಲೆನ್ಸರಿನಲ್ಲಿ ಪಟಪಟ ಸದ್ದು ಬಂದು, ಸರ್ವಿಸ್ ರಸ್ತೆಯ ಪಕ್ಕದಲ್ಲಿ ಗಾಡಿ ನಿಂತೇಬಿಟ್ಟಿತು. ಕಿಕ್ ಒತ್ತಿದರೆ ಕಾಲಿಗೆ ತಡೆಯೇ ಸಿಗುತ್ತಿರಲಿಲ್ಲ. ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆವು.

ಹೆಡ್ ಬಿಚ್ಚದೆಯೇ ಮನೆಯಲ್ಲಿ ಅಳೆಯಲು ಹೊರಟೆ. ಪುಶ್‌ರಾಡ್‌ಗಳ ಉದ್ದ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಇಳಿಸಿದರೂ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್ ಬಿಗಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಹೆಡ್ಡನ್ನು ಕೊನೆಗೆ ಇಳಿಸಲೇಬೇಕಾಯಿತು. ರಾಡ್‌ಗಳನ್ನು ಹೊರತೆಗೆದು, ವಾಲ್ವಿನ ಅಂಚಿಗೆ ಗ್ರೀಸ್ ಬಳಿದು, ರಾಡಿಲ್ಲದೆ ಮತ್ತೆ ಹೆಡ್ ಕೂರಿಸಿ, ಪ್ಲಗ್ ತೂತು ನೆಟ್ಟಗಾಗುವಂತೆ ಗಾಡಿಯನ್ನು ಓರೆ ನಿಲ್ಲಿಸಿ, ಮೆಡಿಕಲ್ ಶಾಪಿನ ಸಿರಿಂಜಿನಿಂದ ಎಣ್ಣೆ ಬಿಟ್ಟೆ. ಪ್ಲಗ್ ತೂತಿನೊಳಗೆ ನಿಂತ ಸುಮಾರು 2 ಸಿಸಿ ಕಳೆದರೆ ಉಳಿದದ್ದು 50. ಬೋರ್ 71 ಆದ ಮೇಲೆ ಗುಡಿಸುವ ಜಾಗ 356 ಸಿಸಿ. 356ಕ್ಕೆ 50 ಕೂಡಿಸಿ 50ರಿಂದ ಭಾಗಿಸಿದರೆ 8.1. ಕೇಳಿದ್ದು 6.5, ಸಿಕ್ಕಿದ್ದು 8.1! ದಾರಿಯಲ್ಲಿ ನಾಕ್ ಹೊಡೆದದ್ದು ಇದಕ್ಕೇ. ಪಿಸ್ಟನ್ ನೆತ್ತಿ ಮೂಲದ್ದಕ್ಕಿಂತ ಎತ್ತರವಾಗಿತ್ತು, ಹೆಡ್ಡನ್ನು ನನಗೆ ಹೇಳದೆ ಲೇತಿನಲ್ಲಿ ಸವರಿಸಿ ಫೇಸಿಂಗ್ ಮಾಡಿಸಲಾಗಿತ್ತು.

ನನಗೆ ನಿಜವಾಗಿ ಕಣ್ಣೀರು ಬಂದದ್ದು ರಾಡ್‌ಗಳನ್ನು ಬೆಳಕಿಗೆ ಹಿಡಿದಾಗ. ಹೆಡ್ ಸವರಿದಷ್ಟೂ ರಾಕರ್ (ರಾಡಿನ ಒತ್ತನ್ನು ವಾಲ್ವಿಗೆ ದಾಟಿಸುವ ಸನ್ನೆ) ಕೆಳಗೆ ಬರುತ್ತದೆ. ಸೀಟ್ ಕಟಿಂಗ್ ಆದಷ್ಟೂ ವಾಲ್ವಿನ ಕಾಂಡ ಮೇಲೆದ್ದು ರಾಕರ್‌ನ ಇನ್ನೊಂದು ತುದಿಯನ್ನು ತಗ್ಗಿಸುತ್ತದೆ. ಎರಡೂ ಸೇರಿ ಹಳೆಯ ರಾಡ್ ಬೇಕಾದ್ದಕ್ಕಿಂತ ಉದ್ದವಾಗಿಬಿಡುತ್ತದೆ. ಅಡ್ಜಸ್ಟರ್ ಮುಗಿದುಹೋದಾಗ ಆತ ರಾಡಿನ ಉಕ್ಕಿನ ತುದಿಯನ್ನೇ ಗ್ರೈಂಡರಿಗೆ ಹಿಡಿದಿದ್ದ. ತುದಿ ನೀಲಿಗಟ್ಟಿತ್ತು, ಅಂದರೆ ಹದ ಹೋಗಿತ್ತು. ಅಷ್ಟು ಉಜ್ಜಿಯೂ ಸಾಲದೆ ಎಕ್ಸಾಸ್ಟ್ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿದು, ಬಿಸಿ ಗಾಳಿ ನುಗ್ಗಿ ಅದರ ಅಂಚು ಸುಟ್ಟಿತ್ತು.

ಫೋನ್ ಮಾಡಿದೆ. ಮೊದಲ ಉತ್ತರ: “ಮೂವತ್ತು ವರ್ಷದಿಂದ ಗಾಡಿ ಬಿಚ್ತಿದೀನಿ ಸಾರ್, ಸಿರಿಂಜು ಹಿಡಿಯೋಕೆ ಇದೇನು ಆಸ್ಪತ್ರೆಯಾ?” ಎರಡನೆಯದು: “ಪಿಕಪ್ ಬೇಕು ಅಂತ ನೀವೇ ಹೇಳಿದ್ರಲ್ಲ.” ನಾನು ಹೇಳಿರಲಿಲ್ಲ, ನಾನು ಬರೆದುಕೊಟ್ಟಿದ್ದು 6.5. ರಾಡ್ ಉಜ್ಜಿದ್ದೇಕೆ ಎಂದರೆ, “ಆ ಕಾಲದ ರಾಡು ಈಗ ಎಲ್ಲಿ ಸಿಗುತ್ತೆ?” ಎಂದ. ಸಿಗುತ್ತವೆ. ಈ ಗಾಡಿಯ ರಾಡ್‌ಗಳು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಹಳೆಯ ಪಿಸ್ಟನ್ನಾದರೂ ಕೊಡಿ ಎಂದು ಕೇಳಿದಾಗ, “ಗುಜರಿಗೆ ಹೋಯ್ತು” ಎಂದು ಫೋನ್ ಇಟ್ಟವನು ಮತ್ತೆ ಎತ್ತಲಿಲ್ಲ.

ನೀವು ಕೊಡುವುದೇ ಆದರೆ, ಎಣ್ಣೆ ತುಂಬಿ ಅಳೆಯುವಾಗ ಎದುರಿಗೆ ನಿಂತಿರಿ ಮತ್ತು ಸಿಸಿ ಲೆಕ್ಕವನ್ನು ಬಿಲ್ಲಿನಲ್ಲಿ ಬರೆಸಿ. ಎಂಜಿನ್ ತಣ್ಣಗಿರುವಾಗ, ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ಮೇಲ್ತುದಿಗೆ ತಂದು ಟ್ಯಾಪೆಟ್ ಕವರ್ ತೆಗೆಸಿರಿ. ಎರಡೂ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಹಳೆಯ ಸಾಮಾನೆಲ್ಲ ಅದೇ ದಿನ ಚೀಲದಲ್ಲಿ ಹಾಕಿಸಿಕೊಂಡು ಬನ್ನಿ. ನಾನು ತರಲಿಲ್ಲ, ಮರುದಿನ ಆ ಶೆಡ್ಡಿನ ಸುತ್ತಲಿನ ಗುಜರಿ ಅಂಗಡಿಗಳನ್ನೆಲ್ಲ ಹುಡುಕಿದರೂ ಅಪ್ಪನ ಕಾಲದ ಆ ಪಿಸ್ಟನ್ ಸಿಗಲಿಲ್ಲ.